ಗುರುವಾರದ ಖಾಲಿ ಫೈಲುಗಳು

ವೆಂಡೆಲ್ ಸ್ಪೈವಿಗೆ ಅನುಮಾನ ಪಡುವುದಕ್ಕೇ ಸಂಬಳ ಬರುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವನು ಕಲಿತ ಕಸುಬು ಅದೊಂದೇ. ಪಿನ್‌ಹುಕ್ ಪೇಟೆಯ ಹೊರಗಿನ ದೊಡ್ಡ ಅಂಗಡಿಯಲ್ಲಿ ಐದು ವರ್ಷ ಕಳ್ಳರನ್ನು ಹಿಡಿಯುವ ಕಾವಲುಗಾರನಾಗಿದ್ದ. ಗಿರಾಕಿಯಂತೆ ತಳ್ಳುಗಾಡಿ ದೂಡಿಕೊಂಡು, ಬೇಡದ ಶಾಂಪೂವಿನ ಮೇಲಿನ ಬರಹ ಓದುತ್ತ, ಯಾರ ಕೈ ಯಾವ ಜೇಬಿಗೆ ಹೋಯಿತೆಂದು ನೋಡುವುದು; ತಿಂಗಳ ಕೊನೆಗೆ ಸಾಮಾನು ಎಣಿಸಿ ಪಟ್ಟಿಗೂ ಕಪಾಟಿಗೂ ತಾಳೆ ಹಾಕುವುದು. ಹಿಡಿದವರಲ್ಲಿ ನಿಜವಾದ ಕಳ್ಳರು ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದ. ಕೊನೆಗೆ ಹಿಡಿದದ್ದು ಸ್ವಂತ ಸೋದರತ್ತೆಯನ್ನು. ಕೋಟಿನೊಳಗೆ ಹಂದಿಮಾಂಸದ ಗಡ್ಡೆ ಬಚ್ಚಿಟ್ಟಿದ್ದಾಳೆಂದು ಬಾಗಿಲಲ್ಲಿ ತಡೆದರೆ, ಅದು ಅವಳ ಸೊಂಟನೋವಿನ ಬಿಸಿನೀರಿನ ಚೀಲ. ಮರುದಿನವೇ ಕೆಲಸ ಹೋಯಿತು. ಈಗಲೂ ಕ್ರಿಸ್‌ಮಸ್ ಊಟಕ್ಕೆ ಅವನು ಬಂದರೆ ಅತ್ತೆ ಕೋಟು ಬಿಚ್ಚಿ, ಕೊಡವಿ ತೋರಿಸಿಯೇ ಕೂರುವುದು.

ಅಂಥವನನ್ನು ಕರೆದು ಕೆಲಸ ಕೊಟ್ಟವರು ಮಿಸ್ ಅರ್ನೆಸ್ಟೀನ್ ಟಬ್ಸ್. ವಕೀಲರಿಗೆ ದುಡ್ಡು ಕೊಡಲಾಗದ ಆರೋಪಿಗಳ ಪರವಾಗಿ ವಾದಿಸಲು ಸರ್ಕಾರವೇ ಸಂಬಳ ಕೊಟ್ಟು ನಡೆಸುವ ಕಚೇರಿ ಅವರದು. ಬಾಗಿಲ ಮೇಲೆ ‘ಪಬ್ಲಿಕ್ ಡಿಫೆಂಡರ್, ಟಾಲೋ ಕೌಂಟಿ’ ಎಂದು ಬರೆದಿತ್ತು. ಜೈಲಿನಲ್ಲಿ ಅದಕ್ಕೆ ‘ಪುಕ್ಕಟೆ ವಕೀಲರು’ ಎಂದು ಹೆಸರು.

“ಜನರ ಮೇಲೆ ಅನುಮಾನ ಪಡ್ತೀಯಂತೆ?” ಎಂದು ಕೇಳಿದ್ದರು ಮೊದಲ ದಿನ.

“ಹೂಂ ಮ್ಯಾಮ್. ಎಲ್ಲರ ಮೇಲೂ.”

“ಎಲ್ಲರ ಮೇಲೂ ಪಟ್ರೆ ಅದು ಕಾಯಿಲೆ ಕಣೋ ತಮ್ಮಾ. ಪೊಲೀಸರು ಬರ್ದಿದ್ದರ ಮೇಲೆ ಮಾತ್ರ ಪಡು. ಅದಕ್ಕೆ ಸಂಬಳ ಕೊಡಿಸ್ತೀನಿ.”

ಹಾಗೆ ಅವನು ಆ ಕಚೇರಿಯ ತನಿಖೆಗಾರನಾದ. ಪೊಲೀಸರ ಕಾಗದ ಹಿಡಿದುಕೊಂಡು ಊರು ಸುತ್ತಿ, ಅದರಲ್ಲಿ ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾಗುತ್ತದೋ ಇಲ್ಲವೋ ನೋಡುವುದು. ಎಲ್ಲರ ಮೇಲೆ ಅನುಮಾನ ಪಡಬೇಡ ಎಂಬ ಮಾತನ್ನು ಮಾತ್ರ ಅವನು ಅಂದೇ ಮರೆತ.

ಮಿಸ್ ಅರ್ನೆಸ್ಟೀನ್‌ಗೆ ಅರವತ್ತೊಂದು. ಗಿಡ್ಡ ಆಳು, ದಪ್ಪ ಕನ್ನಡಕ, ಬಲ ಮೊಣಕಾಲಿನಲ್ಲಿ ನೋವು. ಜಾರ್ಜಿಯಾದ ದಕ್ಷಿಣ ತುದಿಯ ಬೆಂಕಿಯಂಥ ಬೇಸಿಗೆಯಲ್ಲೂ ಮೈಮೇಲೆ ಉಣ್ಣೆಯ ಸ್ವೆಟರ್. ನ್ಯಾಯಾಲಯದೊಳಗೆ ಎಸಿ ಹಾಗಿರುತ್ತಿತ್ತು. ಮೇಜಿನ ಮೇಲೆ ಯಾವಾಗಲೂ ಬೇಯಿಸಿದ ಕಡಲೇಕಾಯಿಯ ಪೊಟ್ಟಣ. ಕಕ್ಷಿದಾರನ ಗೋಳು ಕೇಳುತ್ತ ಸಿಪ್ಪೆ ಬಿಡಿಸುವರು. ಅವನು ಸುಳ್ಳು ಹೇಳಿದ ಕಡೆ ಬಿಡಿಸುವುದನ್ನು ನಿಲ್ಲಿಸುವರು. ಅಷ್ಟೆ, ಬೇರೇನೂ ಹೇಳುವುದಿಲ್ಲ.

ಅವರು ವಕೀಲೆಯಾದ ಕತೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಇದೇ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿ ಸೇರಿದವರು. ತಪ್ಪೊಪ್ಪಿಕೊಳ್ಳುವವರು ಸಹಿ ಹಾಕುವ ನಮೂನೆಯನ್ನು ಟೈಪ್ ಮಾಡುವುದು ಅವರ ಕೆಲಸ. ಅದರಲ್ಲಿ ಹದಿನೇಳನೆಯ ಪ್ರಶ್ನೆ: ‘ನಿಮ್ಮ ವಕೀಲರ ಕೆಲಸ ನಿಮಗೆ ತೃಪ್ತಿ ತಂದಿದೆಯೇ?’ ಉತ್ತರವನ್ನೂ ಅವರೇ ಟೈಪ್ ಮಾಡಬೇಕಿತ್ತು: ‘ಹೌದು.’ ಆರೋಪಿ ಇನ್ನೂ ಜೈಲಿನಿಂದ ಹೊರಟಿರುತ್ತಿರಲಿಲ್ಲ, ಅವನ ತೃಪ್ತಿ ಮಾತ್ರ ಶಾಯಿ ಒಣಗಿ ಸಿದ್ಧವಾಗಿರುತ್ತಿತ್ತು. ಒಂದು ದಿನ ಆ ಜಾಗವನ್ನು ಖಾಲಿ ಬಿಟ್ಟರು. “ಇದೇನು?” ಎಂದ ಹೆಡ್ ಗುಮಾಸ್ತ. “ಅವರನ್ನ ಕೇಳಿ ಹಾಕೋಣ ಅಂತ ಸರ್,” ಎಂದರು. ಗುಮಾಸ್ತ ನಕ್ಕು ನಕ್ಕು ಸುಸ್ತಾಗಿ, ತಾನೇ ಪೆನ್ನು ತೆಗೆದು ‘ಹೌದು’ ಎಂದು ಬರೆದ. ಆ ಚಳಿಗಾಲವೇ ಅವರು ಸಂಜೆ ಕಾಲೇಜಿಗೆ ಸೇರಿದ್ದು.

ಮೂವತ್ತೊಂದು ವರ್ಷದ ವಕೀಲಿಯಲ್ಲಿ ಅವರು ಈ ಕೌಂಟಿಯ ನ್ಯಾಯದ ನಡಾವಳಿಯನ್ನು ಬದಲಿಸಿದ್ದು ಮೂರೇ ಸಲ. “ಹತ್ತು ವರ್ಷಕ್ಕೊಂದು. ಆಮೆ ಕೂಡ ನನ್ನ ದಾಟಿ ಹೋಗಿ ಮೊಟ್ಟೆ ಇಟ್ಟು ವಾಪಸ್ ಬಂತು,” ಎಂದು ತಾವೇ ಹೇಳುವರು. ಮೊದಲನೆಯದು, ಆ ಹದಿನೇಳನೆಯ ಪ್ರಶ್ನೆಯ ಉತ್ತರ ಖಾಲಿ ಇರಬೇಕು, ಜಡ್ಜ್ ಬಾಯಿ ಬಿಟ್ಟು ಕೇಳಬೇಕು ಎಂಬುದು. (ಕೇಳತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ಎಲ್ಲರೂ ‘ಹೌದು’ ಎಂದೇ ಹೇಳಿದ್ದರು.) ಎರಡನೆಯದು, ನ್ಯಾಯಾಲಯದ ಹೊಸ್ತಿಲಲ್ಲೇ ಆರೋಪಿಯ ಕಾಲಿನ ಸರಪಳಿ ತೆಗೆಯಬೇಕು ಎಂಬುದು. ಮೂರನೆಯದೇ ಫೈಲುಗಳು.

ಕಣ್ಣಾರೆ ಕಂಡ ಸಾಕ್ಷಿಗೆ ಪೊಲೀಸರು ಆರು ಫೋಟೋ ತೋರಿಸಿ “ಇವರಲ್ಲಿ ಯಾರು?” ಎಂದು ಕೇಳುವಾಗ, ತೋರಿಸುವವರ ಕಣ್ಣೇ ಉತ್ತರ ಹೇಳಿಬಿಡುತ್ತಿತ್ತು. ಅದಕ್ಕೆ ಮಿಸ್ ಅರ್ನೆಸ್ಟೀನ್ ಒಂದು ಪದ್ಧತಿ ತಂದರು. ಒಂದೊಂದು ಫೋಟೋವನ್ನು ಒಂದೊಂದು ರಟ್ಟಿನ ಫೈಲಿನೊಳಗೆ ಇಟ್ಟು, ನಾಲ್ಕು ಖಾಲಿ ಫೈಲು ಸೇರಿಸಿ, ಹತ್ತನ್ನೂ ಇಸ್ಪೀಟಿನ ಹಾಗೆ ಕಲಸಿ ಸಾಕ್ಷಿಯ ಕೈಗೆ ಕೊಡಬೇಕು. ಯಾವ ಫೈಲಿನಲ್ಲಿ ಯಾರಿದ್ದಾರೆ ಎಂಬುದು ಕೊಟ್ಟ ಪೊಲೀಸನಿಗೂ ಗೊತ್ತಿರುವುದಿಲ್ಲ. ಮುಗಿದ ಮೇಲೆ ಹತ್ತಕ್ಕೂ ಸಾಕ್ಷಿಯ ಸಹಿ ಹಾಕಿಸಿ, ವರದಿಯ ಜೊತೆ ಮೊಹರು ಮಾಡಿ ಇಡಬೇಕು. ಒಂಬತ್ತು ವರ್ಷ ಬೆನ್ನು ಹತ್ತಿ ಅವರು ಇದನ್ನು ಒಪ್ಪಿಸಿದ್ದರು.

ಆ ಪದ್ಧತಿಗೇ ರಾಡ್ನಿ ಡಿಲೋಚ್ ಸಿಕ್ಕಿಬಿದ್ದಿದ್ದ.

ರಾಡ್ನಿ ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸುವ ಸಾಲಿನಲ್ಲಿದ್ದವನು, ಮೂವತ್ತನಾಲ್ಕು ವರ್ಷ. ಕಳೆದ ಆಗಸ್ಟಿನ ಒಂದು ಶುಕ್ರವಾರ ಸಂಜೆ ಐದಕ್ಕೆ, ಹೊಳೆ ದಂಡೆಯಲ್ಲಿ ಗಾಳ-ಎರೆಹುಳ ಮಾರುವ ಹಾಲಿಸ್ ಬ್ರ್ಯಾಗ್ ಎಂಬ ಮುದುಕನ ಅಂಗಡಿಗೆ ಯಾರೋ ನುಗ್ಗಿ, ಪಿಸ್ತೂಲು ತೋರಿಸಿ ಗಲ್ಲಾಪೆಟ್ಟಿಗೆ ಬಳಿದುಕೊಂಡು ಹೋಗಿದ್ದರು. ಐದು ದಿನದ ಮೇಲೆ ಡಿಟೆಕ್ಟಿವ್ ಕರ್ಟಿಸ್ ಮೋಬ್ಲಿ ಕೊಟ್ಟ ಹತ್ತು ಫೈಲಿನಲ್ಲಿ ಬ್ರ್ಯಾಗ್ ರಾಡ್ನಿಯ ಫೋಟೋ ಮೇಲೆ ಬೆರಳಿಟ್ಟ. ಬೇರೆ ಸಾಕ್ಷ್ಯ ಏನೂ ಇಲ್ಲ, ಆ ಬೆರಳೊಂದೇ. ಆ ಹೊತ್ತಿಗೆ ಪಾಳಿ ಮುಗಿಸಿ ಮನೆಯಲ್ಲಿ ಒಬ್ಬನೇ ಮಲಗಿದ್ದೆ ಎಂದು ರಾಡ್ನಿ ಹೇಳುತ್ತಿದ್ದ. ಒಬ್ಬನೇ ಮಲಗಿದ್ದವನಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಮೊದಲೇ ಎರಡು ಸಲ ಶಿಕ್ಷೆಯಾದವನು. ಈ ಸಲ ವಿಚಾರಣೆಯಲ್ಲಿ ಸೋತರೆ ಜೈಲಿನಿಂದ ಹೆಣವಾಗಿಯೇ ಹೊರಗೆ. ಈಗಲೇ ತಪ್ಪೊಪ್ಪಿಕೊಂಡರೆ ಹನ್ನೆರಡು ವರ್ಷ. ಒಪ್ಪುವುದಕ್ಕೆ ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹತ್ತರ ತನಕ ಗಡುವು.

“ಮಿಸ್ ಅರ್ನೆಸ್ಟೀನ್, ಪದ್ಧತಿ ನಿಮ್ಮದೇ,” ಎಂದಿದ್ದ ಸರ್ಕಾರಿ ವಕೀಲ ಗ್ರೇಡಿ ಥಿಗ್ಪೆನ್, ಮೊಟಕಾಗಿ ನಗುತ್ತ. “ಜ್ಯೂರಿ ಮುಂದೆ ಅದನ್ನ ಯಾವ ಬಾಯಲ್ಲಿ ಬೈತೀರೋ ನೋಡೋ ಆಸೆ ನಂಗೆ.”

ವೆಂಡೆಲ್ ಮೂರು ಸಲ ಬ್ರ್ಯಾಗ್‌ನ ಅಂಗಡಿಗೆ ಹೋಗಿದ್ದ. ಮೂರು ಸಲವೂ ಮುದುಕ “ಕಳ್ಳರ ಕಡೆಯೋರಿಗೆ ಎರೆಹುಳಾನೂ ಇಲ್ಲ, ಮಾತೂ ಇಲ್ಲ,” ಎಂದು ಬಾಗಿಲು ಹಾಕಿಕೊಂಡಿದ್ದ. ಕೈಗೆ ಏನೂ ಹತ್ತದಿದ್ದಾಗ ವೆಂಡೆಲ್‌ನ ಅನುಮಾನ ಹೊರಗೆ ಸುತ್ತುವುದು ಬಿಟ್ಟು ಕಚೇರಿಯೊಳಗೇ ಬಂದು ಕೂತಿತು.

ಕೂರಲು ಕಾರಣಗಳೂ ಇದ್ದವು. ಮಿಸ್ ಅರ್ನೆಸ್ಟೀನ್ ಪ್ರತಿ ಗುರುವಾರ ಬೆಳಿಗ್ಗೆ ಏಳರಿಂದ ಎಂಟೂವರೆ ಎಲ್ಲಿಗೋ ಹೋಗುವರು. ಕೇಳಿದರೆ “ಮೊಣಕಾಲಿನ ಡಾಕ್ಟ್ರು,” ಎನ್ನುವರು. ಆ ಡಾಕ್ಟರು ಬಾಗಿಲು ತೆಗೆಯುವುದೇ ಹತ್ತಕ್ಕೆ. ಇನ್ನೊಂದು, ಕಚೇರಿಯ ಹಿಂದಿನ ಕೋಣೆಯ ಬೀರು. ವಿಚಾರಣೆಯ ದಿನ ಆರೋಪಿಗಳು ಜೈಲಿನ ಕಿತ್ತಳೆ ಬಟ್ಟೆಯಲ್ಲಿ ನಿಲ್ಲಬಾರದೆಂದು, ಚರ್ಚಿನ ವಿಧವೆಯರಿಂದ ಸತ್ತ ಗಂಡಂದಿರ ಕೋಟು ಬೇಡಿ ತಂದು ಅವರು ಅದರಲ್ಲಿ ತುಂಬಿಟ್ಟಿದ್ದರು. ಹಳೇ ಕೋಟಿನ ಬೀರುವಿಗೆ ಬೀಗ ಯಾಕೆ? ಬೀಗದ ಕೈ ಸ್ವೆಟರಿನ ಜೇಬಿನಲ್ಲೇ ಯಾಕೆ? ಐದು ವರ್ಷ ಅಂಗಡಿ ಕಾದವನಿಗೆ ಇಂಥದ್ದು ಕಂಡರೆ ಅಂಗೈ ತುರಿಸುತ್ತದೆ.

ಗಡುವಿನ ಹಿಂದಿನ ದಿನ ಗುರುವಾರ. ವೆಂಡೆಲ್ ಅವರ ಹಿಂದೆ ಬಿದ್ದ.

ಅವರ ಕಾರು ನಿಂತದ್ದು ಹೆದ್ದಾರಿ ಪಕ್ಕದ ಮೇಬಲಳ ಹೋಟೆಲಿನ ಹಿಂಭಾಗದಲ್ಲಿ. ಪಕ್ಕದಲ್ಲಿ ಡಿಟೆಕ್ಟಿವ್ ಮೋಬ್ಲಿಯ ಗಾಡಿ. ಇಬ್ಬರೂ ಒಳಗೆ ಹೋಗಿ ಕಿಟಕಿ ಬಳಿ ಎದುರುಬದುರು ಕೂತು, ಜೋಳದ ನುಚ್ಚಿನ ಗಂಜಿಯ ಮೇಲೆ ಬೆಣ್ಣೆ ಹಾಕಿಕೊಂಡು ತಿಂದರು. ಮಿಸ್ ಅರ್ನೆಸ್ಟೀನ್ ಏನೋ ಹೇಳಿದರು, ಮೋಬ್ಲಿ ತುತ್ತು ನೆತ್ತಿಗೇರುವ ಹಾಗೆ ನಕ್ಕ. ರಾಡ್ನಿಯನ್ನು ಹಿಡಿದು ಹಾಕಿದವನೇ ಈ ಮೋಬ್ಲಿ! ವೆಂಡೆಲ್ ಕಸದ ತೊಟ್ಟಿಯ ಮರೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಬೆಕ್ಕಿನ ಜೊತೆ ಜಾಗಕ್ಕಾಗಿ ಜಗಳಾಡುತ್ತ, ಎಲ್ಲ ನೋಡಿದ. ಹೊರಗೆ ಬಂದ ಮೇಲೆ ಅವರು ತಮ್ಮ ಕಾರಿನಿಂದ ಕಂದು ಕಾಗದ ಸುತ್ತಿದ ಚಪ್ಪಟೆ ಪೊಟ್ಟಣ ತೆಗೆದು ಮೋಬ್ಲಿಗೆ ಕೊಟ್ಟರು. ಮೋಬ್ಲಿ ಅತ್ತಿತ್ತ ನೋಡಿ ಅದನ್ನು ಸೀಟಿನ ಕೆಳಗೆ ತಳ್ಳಿದ. ಆಮೇಲೆ ಬಾಯಿಬಿಡದೆ ಎರಡು ಬೆರಳು ಎತ್ತಿ ತೋರಿಸಿದ. ಅವರು ತಲೆಯಾಡಿಸಿ ಪುಟ್ಟ ಪುಸ್ತಕದಲ್ಲಿ ಗೀಚಿಕೊಂಡರು.

ಅತ್ತೆಯ ಬಿಸಿನೀರಿನ ಚೀಲ ಒಂದು ಕ್ಷಣ ವೆಂಡೆಲ್‌ನ ಕಣ್ಣ ಮುಂದೆ ಬಂದು ಹೋಯಿತು. ಆದರೆ ಅನುಮಾನಕ್ಕೆ ನೆನಪು ಕಡಿಮೆ.

ಮಧ್ಯಾಹ್ನ ಜೈಲಿನಲ್ಲಿ ರಾಡ್ನಿಯೇ ಕೇಳಿದ. “ಒಂದು ಮಾತು ನಿಜ ಹೇಳೋ. ನಾಳೆ ಹನ್ನೆರಡು ವರ್ಷಕ್ಕೆ ಒಪ್ಕೋಬೇಕೋ, ವಿಚಾರಣೆಗೆ ಹೋಗ್ಬೇಕೋ? ಹೋದ್ರೆ ಬದುಕೋದು ನಿಮ್ಮ ವಕೀಲಮ್ಮನ ಕೈಲಿ. ಅವಳನ್ನ ನಂಬಬೋದಾ?”

ವೆಂಡೆಲ್ ಸುಮ್ಮನೆ ‘ಹೂಂ’ ಎನ್ನಬಹುದಿತ್ತು. ಅದರ ಬದಲು ಸತ್ಯಸಂಧನಾದ. “ಇವತ್ತು ಬೆಳಿಗ್ಗೆ ಅವರು ಮೋಬ್ಲಿಗೆ ಕದ್ದು ಏನೋ ಪೊಟ್ಟಣ ಕೊಟ್ರು.”

ರಾಡ್ನಿ ನಡುವಿನ ಗಾಜಿಗೆ ಮುಖ ಒತ್ತಿದ. “ಕಣ್ಣಾರೆ ನೋಡಿದ್ಯಾ?”

“ಕಣ್ಣಾರೆ.”

“ನೋಡಿದ್ಯಾ? ಪುಕ್ಕಟೆ ಸಿಕ್ಕಿದ ಕೋಳಿಗೆ ಕಾಲು ಎರಡಿರುತ್ತಾ ಅಂತ ಎಣಿಸ್ಕೋಬೇಕು ಅಂತಿದ್ದ ನಮ್ಮಪ್ಪ.” ಗಾಜಿನ ಆಚೆ ಅವನು ಎದ್ದು ನಿಂತ. “ನೀನೊಬ್ಬ ಒಳ್ಳೇವ್ನು ಕಣೋ.”

ವೆಂಡೆಲ್‌ಗೆ ಎದೆ ಉಬ್ಬಿತು. ನಾಲ್ಕು ಗಂಟೆಗೆ ಜೈಲಿನಿಂದ ಚೀಟಿ ಬಂತು: ರಾಡ್ನಿ ಡಿಲೋಚ್ ನಾಳೆ ಹನ್ನೆರಡು ವರ್ಷಕ್ಕೆ ಒಪ್ಪಿಕೊಳ್ಳುತ್ತಾನೆ. ಉಬ್ಬಿದ ಎದೆ ಅಲ್ಲೇ ಇಳಿಯಿತು. ವಕೀಲೆ ಮಾರಿಕೊಂಡಿದ್ದಾಳೆ ಎಂದರೆ ಅವನು ಬೇರೆ ವಕೀಲರನ್ನು ಕೇಳುತ್ತಾನೆ, ಜಗಳ ಮಾಡುತ್ತಾನೆ ಎಂದುಕೊಂಡಿದ್ದ. ಹೆದರಿದ ಮನುಷ್ಯ ಇರುವುದರಲ್ಲಿ ಚಿಕ್ಕ ಗುಂಡಿ ಹುಡುಕಿ ಬೀಳುತ್ತಾನೆಂದು ಹೊಳೆದಿರಲಿಲ್ಲ.

ಮಿಸ್ ಅರ್ನೆಸ್ಟೀನ್ ಚೀಟಿಯನ್ನು ಎರಡು ಸಲ ಓದಿದರು. “ನಿನ್ನೆ ತನಕ ಸತ್ತರೂ ಒಪ್ಪಲ್ಲ ಅಂತಿದ್ದ. ಇವತ್ತು ಯಾರಾದ್ರೂ ಏನಾದ್ರೂ ಅಂದ್ರಾ?”

“ಗೊತ್ತಿಲ್ಲ ಮ್ಯಾಮ್.”

ಅವರು ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

ಶುಕ್ರವಾರ ಒಂಬತ್ತಕ್ಕೆ ಅವರೇ ಬಂದು ಬೀಗದ ಕೈಯನ್ನು ವೆಂಡೆಲ್‌ನ ಅಂಗೈಗೆ ಹಾಕಿದರು. “ನನ್ನ ಮೊಣಕಾಲು ಓಡಲ್ಲ, ನಾನು ಮುಂದೆ ಹೋಗಿರ್ತೀನಿ. ಬೀರು ತೆಗ್ದು ಆ ಬೂದು ಕೋಟು ತಾ. ಹನ್ನೆರಡು ವರ್ಷಕ್ಕೆ ಹೋಗೋನು ಕಿತ್ತಳೆ ಬಟ್ಟೇಲಿ ನಿಂತು ಹೌದು ಹೌದು ಅನ್ಬಾರ್ದು.”

ಕೊನೆಗೂ ಬೀರು ಸಿಕ್ಕಿತು. ನುಸಿಗುಳಿಗೆಯ ವಾಸನೆ, ಇಪ್ಪತ್ತು ಮೂವತ್ತು ಕೋಟು. ಕೆಳಗಿನ ಅರೆಯಲ್ಲಿ, ನಿನ್ನೆ ಕಂಡಂಥದೇ ಕಂದು ಪೊಟ್ಟಣಗಳು, ಒಂದರ ಮೇಲೊಂದು! ವೆಂಡೆಲ್ ಒಂದನ್ನು ಹರಿದ. ಒಳಗೆ ಹತ್ತು ರಟ್ಟಿನ ಫೈಲು. ಖಾಲಿ. ಇನ್ನೊಂದು ಹರಿದ. ಹತ್ತು ಫೈಲು. ಅವೂ ಖಾಲಿ. ಬೀರುವಿನ ಬಾಗಿಲ ಒಳಮೈ ಮೇಲೆ ಪೆನ್ಸಿಲಿನಲ್ಲಿ ತಾರೀಖುಗಳ ಸಾಲು. ಎಲ್ಲವೂ ಗುರುವಾರ. ಒಂದೊಂದರ ಮುಂದೆ ಗೀಟು: ಕೆಲವಕ್ಕೆ ಒಂದು, ಕೆಲವಕ್ಕೆ ಸೊನ್ನೆ. ನಿನ್ನೆಯ ತಾರೀಖಿನ ಮುಂದೆ ಎರಡು. ಎಲ್ಲಕ್ಕಿಂತ ಮೇಲೆ ಅವರ ಅಕ್ಷರದಲ್ಲಿ ಒಂದು ಸಾಲು: ‘ಫೈಲು ಕೊಳ್ಳಲು ಬಜೆಟ್ಟಿಲ್ಲ ಎಂದು ಪೊಲೀಸ್ ಮುಖ್ಯಸ್ಥರ ಉತ್ತರ. ನಾನೇ ತಂದುಕೊಡುವುದು. ಸ್ಟೇಷನ್ನಿಗೆ ತರಬಾರದಂತೆ, ಅವರಿಗೆ ನಾಚಿಕೆಯಂತೆ.’

ಒಂಬತ್ತು ವರ್ಷ ಹೋರಾಡಿ ಗೆದ್ದ ಸುಧಾರಣೆಯನ್ನು ಆ ಹೆಂಗಸು ಪ್ರತಿ ವಾರ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಹೊತ್ತು ಹಾಕುತ್ತಿದ್ದರು. ಮೋಬ್ಲಿ ಎತ್ತಿದ ಬೆರಳು, ಆ ವಾರ ಎಷ್ಟು ಸಾಕ್ಷಿಗಳಿಗೆ ಫೋಟೋ ತೋರಿಸಿದ, ಮುಂದಿನ ವಾರ ಎಷ್ಟು ಪೊಟ್ಟಣ ಬೇಕು ಎಂಬ ಲೆಕ್ಕ. ವೆಂಡೆಲ್ ಕೋಟುಗಳ ನಡುವೆ ಮುಖ ಹುದುಗಿಸಿ ಒಂದು ನಿಮಿಷ ನಿಂತ. ಸತ್ತ ಗಂಡಂದಿರೆಲ್ಲ ಅವನನ್ನು ನೋಡಿ ನಕ್ಕಂತಾಯಿತು.

ಅಲ್ಲಿಂದ ಅವನು ಕೋಟು ಎತ್ತಿಕೊಂಡು ಓಡಬೇಕಿತ್ತು. ಆದರೆ ಕಪಾಟು ಕಂಡರೆ ಪಟ್ಟಿ ಹುಡುಕುವ ಹಾಳು ಚಟ. ಬೆರಳು ಗೀಟುಗಳ ಮೇಲೆ ಹಿಂದಕ್ಕೆ ಹರಿಯಿತು: ಮಾರ್ಚ್, ಜನವರಿ, ಅಕ್ಟೋಬರ್, ಆಗಸ್ಟ್. ಆಗಸ್ಟ್ ಹದಿನೈದು, ಗುರುವಾರ: ಎರಡು ಗೀಟು. ಬ್ರ್ಯಾಗ್ ಫೈಲು ನೋಡಿದ್ದು ಹದಿನಾಲ್ಕು, ಬುಧವಾರ. ಅದು ಒಂದು. ಇನ್ನೊಂದು ಯಾರಿಗೆ? ಕಪಾಟಿನಿಂದ ಆ ತಿಂಗಳ ಕೇಸುಗಳನ್ನೆಲ್ಲ ಎಳೆದು ನೆಲಕ್ಕೆ ಹಾಕಿದ. ಸಣ್ಣ ಕೌಂಟಿ, ಹೆಚ್ಚುಕಡಿಮೆ ಎಲ್ಲರ ಕಾಗದವೂ ಈ ಪುಕ್ಕಟೆ ವಕೀಲರ ಕಡೆಗೇ ಬರುವುದು. ಆ ವಾರ ಫೋಟೋ ತೋರಿಸಿದ ವರದಿ ಒಂದೇ ಒಂದು. ಹತ್ತು ಫೈಲು ಖರ್ಚಾಗಿತ್ತು, ಅದಕ್ಕೆ ಕಾಗದವಿರಲಿಲ್ಲ.

ಬಾಗಿಲ ಫೋಟೋ ಹೊಡೆದುಕೊಂಡು, ಕೋಟು ಬಗಲಿಗೆ ಸಿಕ್ಕಿಸಿ ಓಡಿದ.

ಅವನು ನ್ಯಾಯಾಲಯದ ಬಾಗಿಲು ತಳ್ಳಿದಾಗ ಜಡ್ಜ್ ಲಾಟಿಮರ್ ಪ್ರಶ್ನೆಗಳನ್ನು ಕೇಳುತ್ತಿದ್ದರು. ರಾಡ್ನಿ ಕಿತ್ತಳೆ ಬಟ್ಟೆಯಲ್ಲೇ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಮೋಬ್ಲಿ. ಹದಿನಾರು ಪ್ರಶ್ನೆಗೂ ರಾಡ್ನಿ “ಹೌದು ಸರ್” ಎಂದ.

“ನಿಮ್ಮ ವಕೀಲರ ಕೆಲಸ ನಿಮಗೆ ತೃಪ್ತಿ ತಂದಿದೆಯೇ?” ಜಡ್ಜ್ ಕೇಳುತ್ತಲೇ ಹಾಳೆ ತಿರುಗಿಸಿದರು.

“ಇಲ್ಲ ಸರ್.”

ಹಾಳೆ ಅರ್ಧಕ್ಕೇ ನಿಂತಿತು. “ಏನಂದ್ರಿ?”

“ಇಲ್ಲ ಅಂದೆ. ಕೇಳಿದ್ರಲ್ಲ, ಹೇಳಿದೆ. ನಮ್ಮ ವಕೀಲಮ್ಮ ಗುರುವಾರ ಡಿಟೆಕ್ಟಿವ್‌ಗೆ ಕದ್ದು ಪೊಟ್ಟಣ ಕೊಡ್ತಾರೆ. ಅಗೋ, ಕೋಟು ತಬ್ಬಿಕೊಂಡು ಬೆವರ್ತಾ ನಿಂತಿದಾನಲ್ಲ, ಅವನೇ ನೋಡಿದ್ದು.”

ಇಡೀ ನ್ಯಾಯಾಲಯ ತಿರುಗಿ ವೆಂಡೆಲ್‌ನನ್ನು ನೋಡಿತು. ಮಿಸ್ ಅರ್ನೆಸ್ಟೀನ್ ಮಾತ್ರ ತಿರುಗಲಿಲ್ಲ.

“ಪೊಟ್ಟಣದಲ್ಲಿ ಏನಿತ್ತಪ್ಪಾ?” ಎಂದರು ಜಡ್ಜ್.

“ಖಾಲಿ ಫೈಲು, ಸರ್.”

“ಖಾಲಿ.”

“ಹೂಂ ಸರ್. ಈಗ ಅರ್ಧ ಗಂಟೆ ಕೆಳಗೆ ಗೊತ್ತಾಯ್ತು.”

ಥಿಗ್ಪೆನ್ ನಕ್ಕ, ಗುಮಾಸ್ತೆ ನಕ್ಕಳು, ಕಾವಲಿನ ಪೊಲೀಸ್ ಕೂಡ ನಕ್ಕ. ರಾಡ್ನಿ ನಗಲಿಲ್ಲ. ಮಿಸ್ ಅರ್ನೆಸ್ಟೀನ್ ಎದ್ದು ನಿಂತು ಹದಿನೈದು ನಿಮಿಷ ಬಿಡುವು ಬೇಡಿದರು. ತೃಪ್ತಿಯಿಲ್ಲ ಎಂದವನ ತಪ್ಪೊಪ್ಪಿಗೆಯನ್ನು ಜಡ್ಜ್ ಮುಂದುವರಿಸುವಂತೆಯೂ ಇರಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ವೆಂಡೆಲ್ ತಡವರಿಸುತ್ತ ಎಲ್ಲ ಹೇಳಿ ಫೋನು ಚಾಚಿದ. ಅವರು ಕನ್ನಡಕ ಹಣೆಗೇರಿಸಿ ಆಗಸ್ಟಿನ ಸಾಲನ್ನು ನೋಡಿದರು. ಬೈಯುತ್ತಾರೆಂದು ಕಾದ. ಬೈಗುಳ ಬರಲಿಲ್ಲ.

“ಹಾಲಿಸ್ ಬ್ರ್ಯಾಗ್‌ಗೇ ಎರಡು ಸಲ ತೋರ್ಸಿರ್ಬೇಕು,” ಎಂದರು ನಿಧಾನವಾಗಿ. “ಮೊದಲನೇ ಸಲ ಮುದುಕ ಯಾರನ್ನೂ ಗುರುತು ಹಿಡಿದಿರಲ್ಲ. ಎರಡನೇ ಸಲ ಮಿಕ್ಕ ಐದು ಮುಖ ಬೇರೆ, ರಾಡ್ನಿ ಮುಖ ಮಾತ್ರ ಅದೇ. ನೋಡಿದ ಮುಖ ಅನ್ಸತ್ತೆ, ಯಾಕಂದ್ರೆ ಮೊದಲೇ ಫೈಲಲ್ಲಿ ನೋಡಿದ್ದ.” ಕನ್ನಡಕ ಕೆಳಗಿಳಿಸಿ, “ಕರ್ಟಿಸ್ ನಂಗೆ ಸುಳ್ಳು ಹೇಳ್ಲಿಲ್ಲ. ಎರಡು ಅಂದ್ರೆ ಎರಡು ಬೆರಳೆತ್ತಿದ. ಸುಳ್ಳು ಹೇಳಿದ್ದು ಕಾಗದಕ್ಕೆ.”

“ಅವನು ಬೇರೆ ಕೇಸು ಅಂದುಬಿಟ್ರೆ?”

“ಅಂದುಬಿಟ್ರೆ ಮುಗೀತು. ನಿನ್ನದು ಬರೀ ಅನುಮಾನ.” ಫೋನು ವಾಪಸು ಕೊಟ್ಟರು. “ಅನ್ನದೆ ಇದ್ರೂ ಗುರುವಾರ ಮುಗೀತು. ನನ್ನ ಕೈಯಿಂದ ಅವರು ಇನ್ನೊಂದು ಫೈಲು ಮುಟ್ಟಲ್ಲ.”

“ಹಾಗಾದ್ರೆ ಕೋರ್ಟಲ್ಲಿ ಈ ಮಾತು ಎತ್ತಲ್ವಾ ಮ್ಯಾಮ್?”

“ಪೆದ್ದೇ, ನಾನು ಯಾರ ವಕೀಲೆ?”

ರಾಡ್ನಿಯನ್ನು ಕೂರಿಸಿದ್ದ ಕಂಬಿ ಕೋಣೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದರು. ಅವನು ಒಮ್ಮೆ ಅವರ ಮುಖ, ಒಮ್ಮೆ ವೆಂಡೆಲ್‌ನ ಮುಖ ನೋಡಿದ.

“ಗೆಲ್ತೀವಿ ಅಂತ ಮಾತು ಕೊಡ್ತೀರಾ?”

“ಇಲ್ಲ.”

“ಹಂಗಿದ್ರೆ ಸ್ವಲ್ಪ ನಂಬ್ತೀನಿ,” ಎಂದ ರಾಡ್ನಿ. “ಮಾತು ಕೊಟ್ಟೋರೆಲ್ಲ ನನ್ನ ಇಲ್ಲಿಗೇ ತಂದು ಬಿಟ್ಟಿದ್ದು. ಹನ್ನೆರಡು ವರ್ಷ ಬೇಡ ಅಂತ ಹೇಳಿ ಅವರಿಗೆ.”

ಎರಡು ವಾರದ ಮೇಲೆ ಆ ಗುರುತಿನ ಬಗ್ಗೆಯೇ ವಿಚಾರಣೆ ನಡೆಯಿತು. ಬಾಗಿಲ ಫೋಟೋ ಸಾಲದು, ಮೂಲ ಬೇಕು ಎಂದು ಥಿಗ್ಪೆನ್ ಹಟ ಹಿಡಿದಿದ್ದರಿಂದ ವೆಂಡೆಲ್ ತಿರುಪು ಬಿಚ್ಚಿ ಬೀರುವಿನ ಬಾಗಿಲನ್ನೇ ಬೆನ್ನ ಮೇಲೆ ಹೊತ್ತು ತಂದ. ಅದನ್ನು ಸಾಕ್ಷಿಕಟ್ಟೆಗೆ ಒರಗಿಸಿದರು. ಇಡೀ ಕೋಣೆಗೆ ನುಸಿಗುಳಿಗೆಯ ವಾಸನೆ ಹರಡಿತು. ಮೋಬ್ಲಿ ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ, ಆ ಬಾಗಿಲ ಪಕ್ಕವೇ ಕೂತ.

ಮಿಸ್ ಅರ್ನೆಸ್ಟೀನ್ ಮೊಣಕಾಲು ಹಿಡಿದುಕೊಂಡು ಎದ್ದರು. “ಡಿಟೆಕ್ಟಿವ್ ಮೋಬ್ಲಿ, ಆಗಸ್ಟ್ ಹದಿನೈದನೇ ತಾರೀಖು ಮೇಬಲ್ ಹೋಟೆಲ್ ಹಿಂದೆ ನನಗೆ ಎಷ್ಟು ಬೆರಳು ಎತ್ತಿ ತೋರ್ಸಿದ್ರಿ?”

ಮೋಬ್ಲಿ ಬಾಗಿಲ ಕಡೆ ನೋಡಿದ. ಥಿಗ್ಪೆನ್ ಆಕ್ಷೇಪಣೆ ಎತ್ತಿದ, ಜಡ್ಜ್ ತಳ್ಳಿಹಾಕಿದರು. ಎಲ್ಲ ಮುಗಿಯಲು ಅವನ ಒಂದು ಮಾತು ಸಾಕಿತ್ತು, ‘ಬೇರೆ ಕೇಸು’ ಎಂಬ ಒಂದೇ ಮಾತು.

“ಎರಡು, ಮ್ಯಾಮ್.”

“ಎರಡೂ ಯಾರಿಗೆ ತೋರಿಸಿದ ಫೈಲು?”

ಅವನು ಟೋಪಿಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದ. “ಹಾಲಿಸ್‌ಗೇ. ಸೋಮವಾರ ಒಂದ್ಸಲ, ಬುಧವಾರ ಒಂದ್ಸಲ. ಸೋಮವಾರ ಅವನು ಯಾರನ್ನೂ ಗುರುತು ಹಿಡೀಲಿಲ್ಲ. ಏನೂ ಆಗದೆ ಇದ್ದದ್ದನ್ನ ಏನಂತ ಬರೀಲಿ ಅಂತ ಬರೀಲಿಲ್ಲ.” ಆಮೇಲೆ, ನ್ಯಾಯಾಲಯಕ್ಕಲ್ಲ, ಅವರೊಬ್ಬರಿಗೇ ಎಂಬಂತೆ ಅಂದ: “ಗಂಜಿ ತಿನ್ಸಿ ತಿನ್ಸಿ ಲೆಕ್ಕ ಇಟ್ಕೋತಿದ್ರಾ ಮಿಸ್ ಅರ್ನೆಸ್ಟೀನ್?”

“ಫೈಲಿನ ಲೆಕ್ಕ ಇಟ್ಕೊಂಡೆ ಕರ್ಟಿಸ್. ಅದು ನಿನ್ನ ಲೆಕ್ಕ ಆಗತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ.”

ಅವನು ನಂಬಿದ ಹಾಗೆ ಕಾಣಲಿಲ್ಲ.

ಜಡ್ಜ್ ಆ ಗುರುತನ್ನು ತೆಗೆದುಹಾಕಿದರು. ಆ ಬೆರಳೊಂದನ್ನು ಬಿಟ್ಟರೆ ಥಿಗ್ಪೆನ್ ಕೈಯಲ್ಲಿ ಏನೂ ಇರಲಿಲ್ಲ. ಮೂರು ವಾರ ಮುಖ ಗಂಟುಹಾಕಿಕೊಂಡಿದ್ದು ಕೇಸು ಕೈಬಿಟ್ಟ. ಬಿಡುಗಡೆಯ ದಿನ ರಾಡ್ನಿ ಕಚೇರಿಗೆ ಬಂದು, ವಿಚಾರಣೆಗೆ ಹಾಕಿಕೊಂಡಿದ್ದ ಬೂದು ಕೋಟು ಹಿಂದಿರುಗಿಸಿದ. ಕೊಡುವ ಮೊದಲು ಅದರ ಎಲ್ಲ ಜೇಬಿಗೂ ಕೈಹಾಕಿ ನೋಡಿದ.

“ಏನು ಹುಡುಕ್ತಿದೀಯಾ?” ಎಂದ ವೆಂಡೆಲ್.

“ನಾಳೆ ಇದರೊಳಗೆ ಏನೋ ಸಿಕ್ತು ಅಂತ ಬಂದು ಹಿಡ್ಕೊಂಡು ಹೋಗ್ಬಾರ್ದಲ್ಲ. ಆ ಡಿಟೆಕ್ಟಿವ್, ನಿಮ್ಮ ವಕೀಲಮ್ಮ, ನೀನು, ಎಲ್ಲ ಒಂದೇ ಹೋಟ್ಲಲ್ಲಿ ತಿನ್ನೋರು. ನಂಗೆ ಇನ್ನೂ ಅನುಮಾನ ಹೋಗಿಲ್ಲ.”

“ಹೋಗೋದು ಬೇಡ,” ಎಂದರು ಒಳಗಿನಿಂದ ಮಿಸ್ ಅರ್ನೆಸ್ಟೀನ್. “ಜೋಪಾನವಾಗಿ ಇಟ್ಕೋ.” ಅವನು ಹೋದ ಮೇಲೆ ವೆಂಡೆಲ್‌ನ ಕಡೆ ತಿರುಗಿದರು. “ನನ್ನ ಹಿಂದೆ ಬಿದ್ದಿದ್ದಕ್ಕೆ ಬೇಜಾರಿಲ್ಲ ತಮ್ಮಾ. ಪೊಟ್ಟಣ ಬಿಚ್ಚಿ ನೋಡದೆ ಅವನಿಗೆ ಹೇಳಿದ್ಯಲ್ಲ, ಅದಕ್ಕೆ ಇದೆ. ಇನ್ಮೇಲೆ ಫೈಲು ಹೊರೋನು ನೀನೇ.”

ಮೇಬಲಳ ಹೋಟೆಲಿಗೆ ಮೋಬ್ಲಿ ಮತ್ತೆ ಬರಲಿಲ್ಲ. ಪೊಟ್ಟಣ ಈಗ ಸ್ಟೇಷನ್ನಿಗೇ ಹೋಗಬೇಕು, ಹಗಲಲ್ಲಿ, ಮುಂಬಾಗಿಲಿನಿಂದ. ಮೊದಲ ಗುರುವಾರ ವೆಂಡೆಲ್ ಅದನ್ನು ಕಟ್ಟೆಯ ಮೇಲಿಟ್ಟಾಗ ಅಲ್ಲಿ ಕೂತಿದ್ದ ಪೊಲೀಸ್ ಅದನ್ನು ಪೆನ್ನಿನ ತುದಿಯಿಂದ ಚುಚ್ಚಿ ನೋಡಿದ.

“ಏನಿದು?”

“ಖಾಲಿ ಫೈಲು.”

“ಖಾಲಿ ಫೈಲು ನೀವು ನಮಗೆ ಯಾಕೆ ಕೊಡ್ತೀರಾ?”

“ನೀವು ಕೊಂಡ್ಕೊಳಲ್ವಲ್ಲ, ಅದಕ್ಕೆ.”

“ಹೋದ್ಸಲ ಇಸ್ಕೊಂಡು ಏನಾಯ್ತು ಅಂತ ಗೊತ್ತಿದೆ ನಮಗೆ. ಇರು.” ಅವನು ಪೊಟ್ಟಣ ಬಿಚ್ಚಿ, ಒಂದೊಂದು ಫೈಲನ್ನೂ ತೆರೆದು, ತಲೆಕೆಳಗು ಮಾಡಿ ಕೊಡವಿ, ಬೆಳಕಿಗೆ ಹಿಡಿದು ನೋಡಿದ. ಎರಡು ಸಲ ಎಣಿಸಿದ. ಮತ್ತೆ ಅನುಮಾನ ಬಂದು ಮೂರನೆಯ ಸಲ ಎಣಿಸಿದ. ಆಮೇಲೆ ಒಳಗಿನಿಂದ ಹೊಸ ರಿಜಿಸ್ಟರು ತಂದು, ಗೆರೆ ಎಳೆದು, ತಾರೀಖು, ಬಂದ ಫೈಲು, ಖರ್ಚಾದ ಫೈಲು, ಯಾವ ಕೇಸು, ಯಾವ ಸಾಕ್ಷಿ ಎಂದು ಐದು ಕಾಲಂ ಮಾಡಿದ. “ಇನ್ಮೇಲೆ ಒಂದೊಂದಕ್ಕೂ ಲೆಕ್ಕ. ನಾಳೆ ನೀವು ಕೋರ್ಟಲ್ಲಿ ನಿಮ್ಮ ಬಾಗಿಲು ತಂದ್ರೆ, ನಾವು ನಮ್ಮ ರಿಜಿಸ್ಟರು ತರ್ತೀವಿ. ಹಾಕು ಸಹಿ.”

ವೆಂಡೆಲ್ ಸಹಿ ಹಾಕಿದ. ಕಚೇರಿಗೆ ಬಂದು, ಪೊಲೀಸರು ನಮ್ಮನ್ನು ಚೂರೂ ನಂಬುತ್ತಿಲ್ಲ, ಹೀಗೆ ಹೀಗೆ ರಿಜಿಸ್ಟರು ಇಟ್ಟಿದ್ದಾರೆ ಎಂದು ದೂರು ಹೇಳಿದ.

ಮಿಸ್ ಅರ್ನೆಸ್ಟೀನ್ ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿದರು. “ಎಷ್ಟು ಕಾಲಂ ಅಂದೆ?”

“ಐದು ಮ್ಯಾಮ್.”

“ಯಾವ ಸಾಕ್ಷಿ ಅನ್ನೋದೂ ಇದೆಯಾ?”

“ಇದೆ.”

ಅವರು ಎದ್ದು, ಬಾಗಿಲಿಲ್ಲದ ಬೀರುವಿನ ಹತ್ತಿರ ಕುಂಟುತ್ತ ಹೋಗಿ, ಮುಂದಿನ ವಾರದ ಪೊಟ್ಟಣ ಕಟ್ಟಲು ಕಂದು ಕಾಗದ ಕತ್ತರಿಸತೊಡಗಿದರು. “ನಾಲ್ಕು,” ಎಂದರು, ತಮ್ಮಷ್ಟಕ್ಕೆ.

“ನಾಲ್ಕಲ್ಲ ಮ್ಯಾಮ್, ಐದು ಕಾಲಂ. ನಾನೇ ಎಣಿಸಿದೆ.”

“ಕಾಲಂ ಅಲ್ವೋ, ನನ್ನ ಆಮೆ ಲೆಕ್ಕ,” ಎಂದರು. “ದಾರ ತಾ ಇಲ್ಲಿ.”